ಹೂವಣ್ಣನ ಗ್ರಹವಿಜ್ಞಾನ

ಹೂವಣ್ಣ ಎಂಬ ಹೆಸರು ಕೇಳಿದವರು ಅವನಿಗೆ ಹೂಗಿಡಗಳ ಹುಚ್ಚು ಇರಬೇಕು ಎಂದುಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ. ಯಾರು ಏನು ಕೇಳಿದರೂ, ಆ ಮಾತು ಕಿವಿಯಿಂದ ತಲೆಗೆ ತಲುಪುವ ಮೊದಲೇ ‘ಹೂಂ’ ಎಂದುಬಿಡುವುದು ಅವನ ಹುಟ್ಟುಗುಣ. ಹೂಂ ಅನ್ನುವ ಅಣ್ಣ ಬೀದಿಯವರ ಬಾಯಲ್ಲಿ ಸವೆದು ಹೂವಣ್ಣನಾಗಿದ್ದ. ಒಮ್ಮೆ ಕ್ಷೌರದವನು ‘ಪೂರ್ತಿ ತೆಗೀಲಾ’ ಎಂದು ಕೇಳಿದ. ಇವನು ಹೂಂ ಎಂದ. ಆ ಬೇಸಿಗೆಯಿಡೀ ಟೋಪಿ ಹಾಕಿಕೊಂಡು ತಿರುಗಿದ. ಇನ್ನೊಮ್ಮೆ ಬಸ್ಸಿನಲ್ಲಿ ಯಾರೋ ಹೆಂಗಸು ‘ನೀನು ನಮ್ಮ ಚಿಕ್ಕಮ್ಮನ ಮೊಮ್ಮಗ ಅಲ್ವೇನೋ’ ಎಂದಳು. ಇವನು ಹೂಂ ಎಂದ. ಅವರ ಮನೆಯಲ್ಲಿ ಇದ್ದು, ಉಂಡು, ಅವರ ಬಾವಿಗೆ ಬಿದ್ದ ಕೊಡವನ್ನೂ ತೆಗೆದುಕೊಟ್ಟು, ಕಣ್ಣೀರಿನ ಬೀಳ್ಕೊಡುಗೆ ಪಡೆದು ಬಂದ. ಇಂಥವನು ಕಾಲೇಜು ಸೇರಿದ ಕಥೆ ಇದು. ಆ ಬೀದಿಯಲ್ಲಿ ಆಗ ಇದ್ದವರು ಈಗ ಎಲ್ಲೆಲ್ಲೋ ಇದ್ದಾರೆ. ಅವರಲ್ಲಿ ಇಬ್ಬರು ಎದುರಾದರೆ ಸಾಕು, ಮೊದಲು ಮೊಣಕಾಲು ನೋವಿನ ಮಾತು ಮುಗಿಸಿ, ಆಮೇಲೆ ಇದನ್ನೇ ಹೇಳಿಕೊಂಡು ನಗುತ್ತಾರೆ.

ಹೂವಣ್ಣನ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲೂ ಒಂದೊಂದು ಹೊತ್ತು. ಮನೆಯವರಿಗೆ ಸಮಯ ಬೇಕಾದರೆ ಪಕ್ಕದ ಮನೆಗೆ ಹೋಗಿ ಕೇಳುತ್ತಿದ್ದರು. ಅಪ್ಪ ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿನಷ್ಟು ಸಣ್ಣ ಹಲ್ಲುಚಕ್ರಗಳನ್ನು ನೋಡುತ್ತಿದ್ದರು; ಸಂಜೆಯಾದೊಡನೆ ತಾರಸಿ ಹತ್ತಿ ಆಕಾಶ ನೋಡುತ್ತಿದ್ದರು. ‘ಅದೂ ಗಡಿಯಾರಾನೇ ಕಣೋ. ಕೀ ಕೊಡೋರಿಲ್ಲ, ಎಣ್ಣೆ ಬಿಡೋರಿಲ್ಲ, ಆದ್ರೂ ಒಂದು ಚೂರು ತಪ್ಪಲ್ಲ’ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಆಕಾಶದ ಶಾಸ್ತ್ರ ಓದಬೇಕೆಂದು ಅವರಿಗೆ ಆಸೆಯಿತ್ತಂತೆ. ಅದು ಆಗಲಿಲ್ಲ. ಆಸೆ ಮಾತ್ರ ಹಳೆಯ ಗೋಡೆ ಗಡಿಯಾರದ ಹಾಗೆ ಒಳಗೊಳಗೇ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಕಾಲೇಜಿಗೆ ಸೇರಿಸಿಕೊಳ್ಳುವ ಕೊನೆಯ ದಿನ ಹೂವಣ್ಣ ಅಲ್ಲಿಗೆ ಹೋದ. ಬೇರೆಯವರೆಲ್ಲ ಮೊದಲ ದಿನವೇ ಹೋಗಿದ್ದರು. ಇವನ ಮನೆಯ ಗಡಿಯಾರಗಳನ್ನು ನಂಬಿ ಇವನು ತಡಮಾಡಿದ್ದ. ಕಚೇರಿಯ ಗುಮಾಸ್ತರು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕಾಗದ ಜೋಡಿಸುತ್ತಿದ್ದರು. ಸೂಜಿ ಬೀಳದ ಹಾಗೆ ಹಲ್ಲಿನ ಸಂದಿಯಿಂದಲೇ ಮಾತಾಡಿದರು. ಎಲ್ಲ ತುಂಬಿಹೋಗಿದೆ, ಇನ್ನು ಉಳಿದಿರುವುದು ಗೃಹವಿಜ್ಞಾನ ಮತ್ತು ದೈಹಿಕ ಶಿಕ್ಷಣ, ಎರಡೂ ಜೊತೆಯಲ್ಲೇ ಓದಬೇಕು, ಆಗುತ್ತೇನಪ್ಪಾ ಎಂದರು. ಗುಂಡುಸೂಜಿಗಳ ನಡುವಿನಿಂದ ಹೊರಬಂದ ‘ಗೃಹ’ದಲ್ಲಿ ಗೃ ಉಳಿದಿರಲಿಲ್ಲ. ಹೂವಣ್ಣ ಹೂಂ ಎಂದ. ಬಾಗಿಲು ದಾಟಿದ ಮೇಲೆ ಮಾತು ತಲೆಗೆ ತಲುಪಿತು, ಗ್ರಹವಿಜ್ಞಾನವಾಗಿಯೇ ತಲುಪಿತು. ಅವನು ದಾರಿಯುದ್ದಕ್ಕೂ ಓಡುತ್ತಲೇ ಮನೆಗೆ ಬಂದ.

ಅಪ್ಪ ಭೂತಗನ್ನಡಿ ತೆಗೆಯುವುದನ್ನೂ ಮರೆತು ಮಗನನ್ನು ನೋಡಿದರು. ಆ ಕಣ್ಣಿಗೆ ಮಗ ಅಂದು ಬಹಳ ದೊಡ್ಡವನಾಗಿ ಕಂಡ.

ಸುದ್ದಿ ಬೀದಿಯಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಕ್ಕದ ಮನೆಯಲ್ಲಿ ಕೋರ್ಟಿನಿಂದ ನಿವೃತ್ತರಾದ ಗುಮಾಸ್ತರೊಬ್ಬರಿದ್ದರು. ಬೀದಿಯವರು ಅವರನ್ನು ಕೋರ್ಟು ತಾತ ಎನ್ನುತ್ತಿದ್ದರು. ನ್ಯಾಯಾಧೀಶರ ಹಿಂದೆ ಜೀವಮಾನವಿಡೀ ಕೂತು ಬಂದಿದ್ದರಿಂದ ಹಾಲು ಒಡೆದರೂ ಅವರು ಎರಡೂ ಕಡೆಯ ವಾದ ಕೇಳುತ್ತಿದ್ದರು. ಅವರು ಹೂವಣ್ಣನನ್ನು ಕರೆದು, ಚಂದ್ರನ ಮೇಲೆ ಜಾಗ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದರು. ಹೂವಣ್ಣ ಹೂಂ ಎಂದ. ತಾತ ಅದನ್ನು ಬಹಳ ಆಳವಾದ ಉತ್ತರ ಎಂದುಕೊಂಡರು.

ಅಜ್ಜಿಗೆ ಮಾತ್ರ ಸಂಕಟ. ಅವಳಿಗೆ ಗ್ರಹದ ವಿಷಯ ಸರಿಯಾಗಿಯೇ ಕೇಳಿತು. ದೈಹಿಕ ಶಿಕ್ಷಣ ಎಂದದ್ದು ದೈಹಿಕ ಶಿಕ್ಷೆ ಎಂದು ಕೇಳಿಸಿತು. ಯಾರು ಎಷ್ಟು ತಿದ್ದಿದರೂ ಒಪ್ಪಲಿಲ್ಲ, ಏಕೆಂದರೆ ಸಾಕ್ಷಿ ಕಣ್ಣೆದುರಿಗೇ ಇತ್ತು. ಮೊಮ್ಮಗ ಬೆಳಗ್ಗೆ ನೆಟ್ಟಗೆ ಹೋಗಿ ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದ. ‘ಬೇರೆ ಮಕ್ಕಳು ತಪ್ಪು ಮಾಡಿದ್ರೆ ಹೊಡೀತಾರೆ. ಇವನಿಗೆ ಪಾಠಾನೇ ಹೊಡೆಸ್ಕೊಳ್ಳೋದು’ ಎಂದು ಅವಳು ಎಣ್ಣೆ ಬಿಸಿ ಮಾಡಿ ಅವನ ಬೆನ್ನಿಗೆ ತಿಕ್ಕುತ್ತಿದ್ದಳು.

ಕಾಲೇಜಿನಲ್ಲಿ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಮೊದಲ ದಿನ ಹೂವಣ್ಣ ಒಳಗೆ ಹೋದಾಗ ಕೋಣೆಯ ತುಂಬ ಹುಡುಗಿಯರು. ಗ್ರಹಗಳ ಬಗ್ಗೆ ಹೆಣ್ಣುಮಕ್ಕಳಿಗೆ ಇಷ್ಟು ಆಸಕ್ತಿ ಇರುವುದು ತಿಳಿದು ಅವನಿಗೆ ಅವರ ಮೇಲೆ ಗೌರವ ಹುಟ್ಟಿತು. ಮೇಡಂ ಬಂದು ಕಪ್ಪುಹಲಗೆಯ ಮೇಲೆ ‘ಗೃಹ’ ಎಂದು ಬರೆದರು. ಅದರಲ್ಲಿದ್ದ ವಟ್ರಸುಳಿಯನ್ನು ಹೂವಣ್ಣ ನೋಡಿದ. ಮೇಡಂ ಅಕ್ಷರದಲ್ಲಿ ಎಡವಿದ್ದಾರೆ, ಇರಲಿ, ದೊಡ್ಡವರು, ವಿಜ್ಞಾನದವರಿಗೆ ಕಾಗುಣಿತ ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸಿ, ತನ್ನ ಪುಸ್ತಕದಲ್ಲಿ ‘ಗ್ರಹ’ ಎಂದು ತಿದ್ದಿ ಬರೆದುಕೊಂಡ.

ಆಮೇಲೆ ಮೇಡಂ ಹೇಳಿದ್ದೆಲ್ಲ ಅವನಿಗೆ ಸರಿಯಾಗಿಯೇ ಕೂಡಿಬಂತು. ವಾಸಕ್ಕೆ ಯೋಗ್ಯವಾಗಬೇಕಾದರೆ ಗಾಳಿ, ಬೆಳಕು, ನೀರು ಇರಲೇಬೇಕು ಎಂದರು. ಹೂವಣ್ಣ ತಲೆದೂಗಿದ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಅಂತರ ಇರಬೇಕು, ಇಲ್ಲದಿದ್ದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ ಎಂದರು. ಗ್ರಹಣ, ಎಂದು ಹೂವಣ್ಣ ಅಂಚಿನಲ್ಲಿ ಬರೆದುಕೊಂಡ. ಸೂರ್ಯನಿಗೆ ಯಾವ ಮುಖ ಮಾಡಿದರೆ ಬಿಸಿ, ಯಾವ ಮುಖ ಮಾಡಿದರೆ ತಂಪು ಎಂದು ವಿವರಿಸಿದರು. ಇದನ್ನೆಲ್ಲ ಅವನು ಸಂಜೆ ಅಪ್ಪನಿಗೆ ಒಪ್ಪಿಸಿದಾಗ, ಅಪ್ಪ ಗಿರಾಕಿಯನ್ನು ಕಾಯಿಸಿ ಕೇಳಿದರು. ಮತ್ತೊಂದು ದಿನ ಮೇಡಂ ದೊಡ್ಡದೊಂದು ವೃತ್ತ ಬರೆದು, ಅದನ್ನು ಭಾಗ ಮಾಡಿ, ‘ಇದು ಏನು, ಗೊತ್ತಾ?’ ಎಂದರು. ಹೂವಣ್ಣ ಎದ್ದು ನಿಂತು, ಗುರುಗ್ರಹ ಎಂದ. ಮೇಡಂ, ‘ಊಟದ ತಟ್ಟೆ ಕಣಪ್ಪ. ಇಲ್ಲಿ ತರಕಾರಿ, ಇಲ್ಲಿ ಬೇಳೆ. ಹಸಿದು ಬಂದಿದ್ದೀಯಾ?’ ಎಂದರು. ಹೂವಣ್ಣ ಹೂಂ ಎಂದ.

ಆ ವಾರವೇ ಎಲ್ಲರ ಕೈಗೂ ಒಂದೊಂದು ಸೂಜಿ, ದಾರದುಂಡೆ, ಗುಂಡಿ ಕೊಟ್ಟರು. ಸೂಜಿಯನ್ನು ಕೈಯಲ್ಲಿ ಹಿಡಿದು ಹೂವಣ್ಣ ಬಹಳ ಹೊತ್ತು ಯೋಚಿಸಿದ. ಯಾವ ಗ್ರಹಕ್ಕೆ ಗುಂಡಿ ಹೊಲಿಯುತ್ತಾರೆ? ಪಕ್ಕದಲ್ಲಿದ್ದ ಹುಡುಗಿಯನ್ನು ಮೆಲ್ಲಗೆ ಕೇಳಿದ. ಅವಳು ಅವನ ಪುಸ್ತಕದ ಮೊದಲ ಹಾಳೆ ನೋಡಿ, ಬಾಯಿಗೆ ಸೆರಗು ತುಂಬಿಕೊಂಡು ಮೇಜಿನ ಕೆಳಗೆ ಹೋದಳು. ಅವಳು ಮೇಲೆ ಬರುವ ಹೊತ್ತಿಗೆ ಇಡೀ ಕೋಣೆಗೆ ಗೊತ್ತಾಗಿತ್ತು. ಗೃಹ ಎಂದರೆ ಮನೆ ಎಂಬುದು ಕೊನೆಗೆ ಹೂವಣ್ಣನಿಗೂ ಗೊತ್ತಾಯಿತು. ಅಂದಿನಿಂದ ಅವನಿಗೆ ಅಲ್ಲಿ ‘ಗುರುಗ್ರಹ’ ಎಂದೇ ಹೆಸರು.

ಬೇರೆ ಯಾರಾದರೂ ಆಗಿದ್ದರೆ ಮರುದಿನ ಕಾಲೇಜಿನ ಕಡೆ ತಲೆ ಹಾಕುತ್ತಿರಲಿಲ್ಲ. ಹೂವಣ್ಣ ಹೋದ. ಹೋದದ್ದು ಧೈರ್ಯದಿಂದಲ್ಲ, ‘ನಾಳೆ ಬರ್ತೀಯಲ್ಲ ಗುರುಗ್ರಹ’ ಎಂದು ಆ ಹುಡುಗಿಯರು ಕೇಳಿದ್ದರು, ಇವನು ಹೂಂ ಎಂದಿದ್ದ. ಹೋಗುತ್ತ ಹೋಗುತ್ತ ಅವನಿಗೆ ಆ ಕೋಣೆ ಹಿಡಿಸಿಬಿಟ್ಟಿತು. ಎತ್ತರದ ಕಿಟಕಿಗಳಿಂದ ಬೆಳಕು ಉದ್ದಕ್ಕೆ ಬೀಳುತ್ತಿತ್ತು. ಗಂಜಿ ಹಾಕಿದ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಓಡಿದಾಗ ಏಳುವ ಬೆಚ್ಚನೆಯ ವಾಸನೆ, ಹೊಲಿಗೆ ಯಂತ್ರಗಳ ಸದ್ದು, ಒಂದು ಮೂಲೆಯಲ್ಲಿ ಶುರುವಾಗಿ ಇನ್ನೊಂದು ಮೂಲೆಯವರೆಗೆ ಹಬ್ಬುವ ನಗು. ಅವನು ಹೊಲಿದ ಮೊದಲ ಗುಂಡಿ ಅವನ ಅಂಗಿಯ ತೋಳಿಗೇ ಸೇರಿ ಹೊಲಿದುಹೋಗಿ, ಅವನು ಮೇಜಿನಿಂದ ಎದ್ದಾಗ ಬಟ್ಟೆಯೂ ಜೊತೆಗೆ ಎದ್ದಿತ್ತು. ಹುಡುಗಿಯರು ಅದನ್ನು ಬಿಡಿಸಿಕೊಟ್ಟರು, ಬೈದರು, ಮತ್ತೆ ಕಲಿಸಿದರು. ಬೆಳಗ್ಗೆ ಇಬ್ಬನಿ ಒದ್ದೆಯ ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ಸೀಟಿ ಊದಿ ‘ಬಲಕ್ಕೆ ತಿರುಗು’ ಎಂದರೆ ಹೂವಣ್ಣ ಹೂಂ ಎಂದು ಎಡಕ್ಕೆ ತಿರುಗುತ್ತಿದ್ದ. ಎದುರುಬದುರಾದ ಹುಡುಗಿಗೆ ನಗು ಬಂದು ಸಾಲಿಗೆ ಸಾಲೇ ಕುಸಿಯುತ್ತಿತ್ತು. ಮೇಷ್ಟ್ರು ಅವನನ್ನು ಮೈದಾನದ ಸುತ್ತ ಓಡಿಸುತ್ತಿದ್ದರು. ಓಡಿ ಓಡಿ ಅವನು ಆ ಕಾಲೇಜಿನಲ್ಲೇ ಎಲ್ಲರಿಗಿಂತ ಜೋರಾಗಿ ಓಡುವವನಾದ. ಅದು ಕಲಿಕೆಯಲ್ಲ, ಶಿಕ್ಷೆಯ ಫಲ. ಅಜ್ಜಿಯ ಕಿವಿ ಪೂರ್ತಿ ಸುಳ್ಳು ಹೇಳಿರಲಿಲ್ಲ.

ಮನೆಯಲ್ಲಿ ಮಾತ್ರ ಅವನು ಬಾಯಿ ಮುಚ್ಚಿಕೊಂಡ. ಏನು ಪಾಠ ಆಯಿತು ಎಂದು ಅಪ್ಪ ಕೇಳಿದರೆ ತಲೆ ತಗ್ಗಿಸಿ ಕೂರುತ್ತಿದ್ದ. ಓದು ಆಳಕ್ಕೆ ಹೋದಂತೆ ಮಾತು ಕಡಿಮೆಯಾಗುತ್ತದೆ ಎಂದು ಅಪ್ಪ ಗಿರಾಕಿಗಳಿಗೆ ಹೇಳಿದರು. ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ ಯಾರೂ ಅರಿಯರು. ಮನೆಯ ಗುಂಡಿ ಕಿತ್ತ ಅಂಗಿಗಳು, ಬಾಯಿಬಿಟ್ಟ ದಿಂಬುಗಳು ಒಂದೊಂದಾಗಿ ಅವನ ಹಾಸಿಗೆಯ ಮೇಲೆ ಬಂದು ಬೀಳತೊಡಗಿದವು, ಅಷ್ಟೆ.

ನಿಜ ಹೇಳಿಬಿಡಬೇಕು ಎಂದು ಅವನು ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ ಅಂಗಡಿಯ ಕೋಣೆಗೆ ಹೋದ. ಅಪ್ಪ ಗಡಿಯಾರಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ತಗಡಿನ ಹಾಳೆಯನ್ನು ಸುರುಳಿ ಸುತ್ತಿ ಬೆಸುಗೆ ಹಾಕುತ್ತಿದ್ದರು. ಒಂದು ತುದಿಗೆ ಯಾರದೋ ಹಳೆಯ ದಪ್ಪ ಕನ್ನಡಕದ ಗಾಜು. ಇನ್ನೊಂದು ತುದಿಗೆ, ಇಷ್ಟು ವರ್ಷ ತಮ್ಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ. ‘ದುರ್ಬೀನು ಕಣೋ. ನೀನು ಓದ್ತೀಯ, ಆದ್ರೆ ನೋಡೋಕೆ ಏನೂ ಇಲ್ವಲ್ಲ’ ಎಂದರು. ಹೂವಣ್ಣ ಬಂದ ಮಾತನ್ನು ನುಂಗಿಕೊಂಡು, ತಗಡನ್ನು ಹಿಡಿದುಕೊಂಡು ಕೂತ.

ಇಷ್ಟಕ್ಕೇ ಮುಗಿದಿದ್ದರೆ ಸುಳ್ಳು ತಾನಾಗಿಯೇ ತುಕ್ಕು ಹಿಡಿದು ಬೀಳುತ್ತಿತ್ತೇನೋ. ಅಷ್ಟರಲ್ಲಿ ಸೋದರಮಾವ ಬಂದರು.

ಅಮ್ಮನ ಅಣ್ಣ ಇನ್ನೊಂದು ಊರಿನಲ್ಲಿ ಮರದ ಡಿಪೋ ಇಟ್ಟಿದ್ದರು. ಅವರು ಅಪ್ಪನನ್ನು ಭಾವ ಎನ್ನುತ್ತಿದ್ದರು, ಅಪ್ಪ ಅವರನ್ನು ಭಾವ ಎನ್ನುತ್ತಿದ್ದರು. ಆ ಒಂದು ಪದ ಬಿಟ್ಟರೆ ಇಬ್ಬರ ನಡುವೆ ಯಾವುದರಲ್ಲೂ ಒಮ್ಮತವಿರಲಿಲ್ಲ. ಮಾವನ ಲೆಕ್ಕದಲ್ಲಿ ಪ್ರಪಂಚದಲ್ಲಿ ಎರಡೇ ಬಗೆಯ ಜನ: ದಿಮ್ಮಿ ಹೊರುವವರು, ದಿಮ್ಮಿಯ ಹಾಗೆ ಬಿದ್ದಿರುವವರು. ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಾಯಿ ತುಂಬ ಕಡಲೆಬೀಜ ಹಾಕಿಕೊಂಡು, ಕಾಲೇಜು ಗೀಲೇಜು ಸಾಕು, ಹುಡುಗ ನಮ್ಮ ಡಿಪೋಗೆ ಬರಲಿ, ಆಕಾಶ ನೋಡಿ ಯಾರ ಹೊಟ್ಟೆ ತುಂಬಿದೆ ಎಂದರು. ಡಿಪೋದಲ್ಲಿ ಕಿಟಕಿ ಇರಲಿಲ್ಲ, ನಗುವವರಿರಲಿಲ್ಲ, ಗರಗಸದ ಸದ್ದೊಂದೇ. ಅಲ್ಲಿಗೆ ಹೋದರೆ ಆ ಬೆಳಕಿನ ಕೋಣೆ ಮತ್ತೆ ಸಿಗುವುದಿಲ್ಲ ಎಂಬುದು ಮಾತ್ರ ಅವನಿಗೆ ಕಿವಿಗೆ ಬಿದ್ದ ಕೂಡಲೇ ಅರ್ಥವಾಯಿತು.

ಅಪ್ಪ ಎಂದೂ ದನಿ ಏರಿಸಿದವರಲ್ಲ, ಅಂದು ಏರಿಸಿದರು. ತಮ್ಮ ಮಗ ಬರೀ ಪುಸ್ತಕದ ಹುಳು ಅಲ್ಲ, ಬೇಕಾದರೆ ಇವತ್ತೇ ತಾರಸಿಯ ಮೇಲೆ ನಿಂತು ತೋರಿಸುತ್ತಾನೆ ಎಂದರು. ಮಾವ ಕಡಲೆಬೀಜ ಅಗಿಯುತ್ತಲೇ, ‘ತೋರಿಸಲಿ ಭಾವ. ಒಂದು ಗ್ರಹ ತೋರಿಸಿದ್ರೆ ಇಲ್ಲೇ ಓದಲಿ. ಇಲ್ಲಾಂದ್ರೆ ನಾಳೆ ನನ್ನ ಜೊತೆ ಹೊರಡಲಿ’ ಎಂದರು. ಕೋರ್ಟು ತಾತ ಪಕ್ಕದ ಜಗಲಿಯಿಂದ ಎದ್ದು ಬಂದು, ತಾವು ಸಾಕ್ಷಿ ಎಂದರು. ಎಲ್ಲರೂ ಹೂವಣ್ಣನ ಕಡೆ ತಿರುಗಿದರು. ಅವನು ಏನೆಂದ ಎಂದು ಬೇರೆ ಹೇಳಬೇಕಾಗಿಲ್ಲ.

ಸಂಜೆ ಕಪ್ಪಿಡುವ ಹೊತ್ತಿಗೆ ತಾರಸಿಯ ಮೇಲೆ ಜಾತ್ರೆಯಾಗಿತ್ತು. ತಾತನ ಹೆಂಡತಿ ಕಂದೀಲು ತಂದಿದ್ದರು. ಅಜ್ಜಿಗೆ ಕುರ್ಚಿ ಹಾಕಿತ್ತು. ಬೀದಿಯ ಮಕ್ಕಳು ಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ಅಪ್ಪ ತಗಡಿನ ದುರ್ಬೀನನ್ನು ಎರಡು ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದು ಮುಕ್ಕಾಲಿಯ ಮೇಲೆ ಕಟ್ಟಿದರು. ಆಕಾಶದಲ್ಲಿ ಆಗಲೇ ಲೆಕ್ಕವಿಲ್ಲದಷ್ಟು ಚುಕ್ಕಿಗಳು. ಹೂವಣ್ಣನಿಗೆ ಒಂದರ ಮುಖವೂ ಪರಿಚಯವಿಲ್ಲ. ಗ್ರಹಚಾರ ಎಂದರೆ ಇದೇ ಇರಬೇಕು ಎಂದುಕೊಂಡ. ಶಾಲೆಯಲ್ಲಿ ಕಲಿತದ್ದು ಒಂದೇ ಒಂದು ಸಾಲು ನೆನಪಾಯಿತು: ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ. ಅವನು ಸುತ್ತಲೂ ತಿರುಗಿ ನೋಡಿದ. ದೂರದಲ್ಲಿ, ಗುಡ್ಡದ ಕಪ್ಪಿನ ಅಂಚಿನಲ್ಲಿ, ಮರಗಳ ಸಂದಿಯಲ್ಲಿ ಒಂದು ಹಳದಿ ಚುಕ್ಕಿ. ಅದು ಮಿನುಗುತ್ತಿರಲಿಲ್ಲ. ಅವನು ಕೊಳವೆಯನ್ನು ಆ ಕಡೆ ತಿರುಗಿಸಿ, ‘ಇದೇ’ ಎಂದ.

ಗುಡ್ಡದ ಇಳಿಜಾರಿನಲ್ಲಿ ಕಾಲೇಜಿನವರು ಹೊಸದಾಗಿ ಕಟ್ಟಿದ ಮನೆಗಳಿಗೆ ಆ ವಾರವಷ್ಟೇ ಕರೆಂಟು ಬಂದಿತ್ತೆಂದು ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಿರಿಯರೆಂದು ಕೋರ್ಟು ತಾತನಿಗೆ ಮೊದಲ ಅವಕಾಶ. ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಒತ್ತಿ, ಬಹಳ ಹೊತ್ತು ನಿಂತರು. ಆಮೇಲೆ ತಲೆಯೆತ್ತಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

‘ನಾನು ನೋಡಿದ್ದನ್ನ ನೋಡಿದ ಹಾಗೇ ಹೇಳ್ತೀನಿ. ಸೇರಿಸಲ್ಲ, ಬಿಡಲ್ಲ. ಗ್ರಹದ ಮೇಲೆ ಒಬ್ಬ ಮನುಷ್ಯ ಇದಾನೆ. ತಲೆಕೆಳಗಾಗಿ ನಿಂತು ತರಕಾರಿ ಹೆಚ್ತಿದಾನೆ.’

ಮಾವ ತಾತನನ್ನು ಪಕ್ಕಕ್ಕೆ ಸರಿಸಿ ನೋಡಿದರು; ಅವರಿಗೂ ಅದೇ ಕಂಡಿತು, ಜೊತೆಗೆ ಬನಿಯನ್ನೂ ಕಂಡಿತು. ತಾತನ ಹೆಂಡತಿ ನೋಡಿ, ಆಲೂಗಡ್ಡೆ ಇರಬೇಕು, ಆದರೆ ಬಹಳ ದಪ್ಪ ಹೆಚ್ಚುತ್ತಿದ್ದಾನೆ ಎಂದರು. ಅಜ್ಜಿ ನೋಡಿ, ಪಾಪ, ಆ ಲೋಕದಲ್ಲಿ ಹೆಂಗಸರು ಇಲ್ಲವೇನೋ ಎಂದಳು. ಮಕ್ಕಳು ಗೋಡೆಯಿಂದ ಇಳಿದು, ಬನಿಯನ್ ಗ್ರಹ, ಬನಿಯನ್ ಗ್ರಹ ಎಂದು ಕೂಗುತ್ತ ಕುಣಿದರು. ಅಪ್ಪ ಕೊಳವೆಯ ಹತ್ತಿರ ಬರಲೇ ಇಲ್ಲ. ಕೈ ಕಟ್ಟಿಕೊಂಡು ದೂರದಲ್ಲಿ ನಿಂತು ಮಗನನ್ನೇ ನೋಡುತ್ತಿದ್ದರು. ಪ್ರಪಂಚದ ದೊಡ್ಡ ದೊಡ್ಡವರು ಹುಡುಕಿದರೂ ಸಿಗದ ಜೀವ ತಮ್ಮ ಮಗನ ಕಣ್ಣಿಗೆ ಸಿಕ್ಕಿದೆ, ಅದೂ ತಾವು ಬೆಸುಗೆ ಹಾಕಿದ ತಗಡಿನಲ್ಲಿ. ಅವರ ಮುಖವನ್ನು ಹೂವಣ್ಣ ನೋಡಿದ. ಆಮೇಲೆ ಕೊಳವೆಗೆ ಕಣ್ಣಿಟ್ಟ.

ತಲೆಕೆಳಗಾಗಿದ್ದರೂ ಪಿ.ಟಿ. ಮೇಷ್ಟ್ರ ಮೀಸೆ ಅವನಿಗೆ ಗುರುತು ಸಿಗದೆ ಹೋಗಲಿಲ್ಲ. ಮೇಷ್ಟ್ರು ಗೃಹವಿಜ್ಞಾನದ ಮೇಡಂನ ಯಜಮಾನರು. ಕಾಲೇಜಿಗೆಲ್ಲ ಗೊತ್ತಿದ್ದ ವಿಷಯ. ಅವನು ನೋಡುತ್ತಿರುವಾಗಲೇ ಮೇಷ್ಟ್ರು ಚಾಕು ಇಟ್ಟು ಕಿಟಕಿಯ ಹತ್ತಿರ ಬಂದು, ಕಂದೀಲು, ಕೂಗುವ ಮಕ್ಕಳು, ತಮ್ಮ ಕಡೆಗೇ ಗುರಿಯಿಟ್ಟ ತಗಡಿನ ಕೊಳವೆ ಎಲ್ಲವನ್ನೂ ಕಂಡು, ಮಾಯವಾದರು.

ಸ್ವಲ್ಪ ಹೊತ್ತಿಗೆಲ್ಲ ಬೀದಿಯಲ್ಲಿ ಸೀಟಿ ಕೇಳಿಸಿತು. ಹೂವಣ್ಣನ ಕಾಲುಗಳು ತಾವೇ ಜೋಡಿಕೊಂಡವು, ಎದೆ ತಾನೇ ಮುಂದೆ ಬಂತು. ಹೀಗೆ ಅವನು ನೆಟ್ಟಗೆ ನಿಂತಿರುವಾಗಲೇ ಮೇಷ್ಟ್ರು ಬನಿಯನ್ನಿನಲ್ಲಿಯೇ ಮೆಟ್ಟಿಲು ಹತ್ತಿ ಬಂದರು. ಗ್ರಹದಿಂದ ಇಷ್ಟು ಬೇಗ ಬಂದವರನ್ನು ಕಂಡು ಮಕ್ಕಳು ಅಜ್ಜಿಯ ಕುರ್ಚಿಯ ಹಿಂದೆ ಅಡಗಿದರು. ಅವರಿವರ ಅಡುಗೆಮನೆಗೆ ಕೊಳವೆ ಹಚ್ಚಿ ನೋಡುವುದು ಯಾವ ಸೀಮೆಯ ಮರ್ಯಾದೆ ಎಂದು ಮೇಷ್ಟ್ರು ಎಲ್ಲರನ್ನೂ ಸಾಲಾಗಿ ವಿಚಾರಿಸಿಕೊಂಡರು. ಸಾಲಿನ ಕೊನೆಯಲ್ಲಿ ಹೂವಣ್ಣ ಸಿಕ್ಕಿದ.

‘ನೀನೇನೋ? ನಮ್ಮ ಮನೆಯವರ ಕ್ಲಾಸಿನ ಗುರುಗ್ರಹ ಅಲ್ವಾ ನೀನು?’

ಕೋರ್ಟು ತಾತ ಮಧ್ಯೆ ಬಂದು, ಹುಡುಗ ಗ್ರಹವಿಜ್ಞಾನ ಓದುತ್ತಿದ್ದಾನೆ, ಗ್ರಹ ಹುಡುಕುವುದು ಅವನ ಕರ್ತವ್ಯ ಎಂದರು.

‘ಗ್ರಹ ಅಲ್ಲ ಸ್ವಾಮಿ, ಗೃಹ. ಗೃ. ವಟ್ರಸುಳಿ ಇದೆ. ಮನೆ, ಅಡುಗೆ, ಹೊಲಿಗೆ, ಮಕ್ಕಳ ಪಾಲನೆ. ಇಡೀ ತರಗತಿಗೆ ಇವನೊಬ್ಬನೇ ಗಂಡು.’

ಕೆಳಗೆ ಅಂಗಡಿಯ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತ ನಡೆಯುವುದು ತಾರಸಿಗೂ ಕೇಳಿಸಿತು. ಅಪ್ಪ ಮುಂದೆ ಬಂದು ಕೊಳವೆಯ ಮೇಲಿದ್ದ ಧೂಳನ್ನು ಅಂಗಿಯ ಅಂಚಿನಿಂದ ಒರೆಸಿದರು. ಧೂಳು ಇರಲಿಲ್ಲ. ಅಜ್ಜಿ ಮಾತ್ರ ಕುರ್ಚಿಯಿಂದ ಎದ್ದು ಮೇಷ್ಟ್ರ ಮುಂದೆ ನಿಂತು, ‘ನನ್ನ ಮೊಮ್ಮಗನಿಗೆ ದಿನಾ ಶಿಕ್ಷೆ ಕೊಡೋರು ನೀವೇನಾ? ನಿಮಗೂ ಒಬ್ಬ ಅಜ್ಜಿ ಇರ್ಲಿಲ್ವಾ?’ ಎಂದಳು.

ಮಾವ ಕೈಯ ಕಡಲೆಸಿಪ್ಪೆ ಕೊಡವಿದರು. ‘ಆಯ್ತಲ್ಲ ಭಾವ. ಬಟ್ಟೆ ಕಟ್ಟೋ ಹೂವಣ್ಣ, ಬೆಳಗ್ಗೆ ಮೊದಲ ಬಸ್ಸಿಗೆ ಹೊರಡೋಣ’ ಎಂದರು. ಹೂವಣ್ಣನ ಬಾಯಿ ಅಭ್ಯಾಸದಂತೆ ತೆರೆದುಕೊಂಡಿತು. ಅಷ್ಟರಲ್ಲಿ ಮೇಷ್ಟ್ರು, ಇದರಲ್ಲಿ ಅಂಥಾದ್ದೇನು ಕಂಡಿರಿ ನೀವು ಎಂದು ಗೊಣಗುತ್ತ ಕೊಳವೆಗೆ ಕಣ್ಣಿಟ್ಟರು. ನೋಡಿ, ಸಮಾಧಾನದಿಂದ ತಲೆಯೆತ್ತಿದರು. ಇದು ತಮ್ಮ ಮನೆಯೇ ಅಲ್ಲವೆಂದೂ, ಅಲ್ಲಿ ಹೊಗೆ ಮೇಲಿನಿಂದ ಕೆಳಕ್ಕೆ ಹೋಗುತ್ತಿದೆಯೆಂದೂ, ಅಂಥ ಹೊಗೆ ಭೂಮಿಯ ಮೇಲೆ ಎಲ್ಲೂ ಇಲ್ಲವೆಂದೂ ಹೇಳಿದರು.

‘ಸಾರ್, ದುರ್ಬೀನಲ್ಲಿ ಎಲ್ಲಾ ತಲೆಕೆಳಗು. ಒಲೆ ಮೇಲೆ ಏನಿಟ್ಟು ಬಂದ್ರಿ?’ ಎಂದ ಹೂವಣ್ಣ.

‘ಬಾಣಲೆ. ಎಣ್ಣೆ’ ಎಂದರು ಮೇಷ್ಟ್ರು. ಎಂದಮೇಲೆ ಅವರಿಗೂ ಅರ್ಥವಾಯಿತು.

ಆಮೇಲೆ ಆ ಬೀದಿ ಎಂದೂ ಓಡದ ಹಾಗೆ ಓಡಿತು. ಎಲ್ಲರಿಗಿಂತ ಮುಂದೆ ಹೂವಣ್ಣ, ಅವನ ಹಿಂದೆ ಸೀಟಿ ಊದುತ್ತ ಮೇಷ್ಟ್ರು, ಅವರ ಹಿಂದೆ ದಾರಿಯ ನಲ್ಲಿಯಲ್ಲಿ ಬಕೆಟ್ ತುಂಬಿಕೊಂಡ ಮಾವ, ಅಪ್ಪ, ಕಂದೀಲು ಹಿಡಿದ ತಾತ. ಹೂವಣ್ಣ ಅಡುಗೆಮನೆಗೆ ನುಗ್ಗಿದಾಗ ಬಾಣಲೆಯಲ್ಲಿ ಮೊಳದುದ್ದದ ಬೆಂಕಿ ಎದ್ದು ಕಿಟಕಿಯ ಪರದೆಯ ಕಡೆ ಬಾಗುತ್ತಿತ್ತು. ಅವನು ಒಲೆ ಆರಿಸಿ ಮುಚ್ಚಳಕ್ಕಾಗಿ ತಡಕಾಡಿದ. ಮುಚ್ಚಳ ಎಲ್ಲಿತ್ತೋ. ಅಷ್ಟರಲ್ಲಿ ಮಾವ ಬಕೆಟ್ಟನ್ನು ಎತ್ತಿ ಹಿಡಿದು, ‘ಹಾಕಲೇನೋ’ ಎಂದರು.

‘ಬೇಡ’ ಎಂದ ಹೂವಣ್ಣ.

ಮಾವ ಕೇಳಿಸಲಿಲ್ಲವೆಂಬಂತೆ ನಿಂತರು. ಆ ಪದ ಆ ಬಾಯಿಂದ ಬಂದದ್ದನ್ನು ಆ ಕುಟುಂಬದಲ್ಲಿ ಯಾರೂ ಕೇಳಿರಲಿಲ್ಲ. ‘ಬೇಡ ಮಾವ. ಎಣ್ಣೆ ಬೆಂಕಿಗೆ ನೀರು ಹಾಕ್ಬಾರ್ದು, ಸಿಡಿದು ಮನೆಗೆಲ್ಲ ಹತ್ಕೊಳ್ಳುತ್ತೆ’ ಎಂದು ಅವನು ಬಕೆಟ್ಟನ್ನು ಹಿಂದಕ್ಕೆ ತಳ್ಳಿದ. ಅದು ಪೂರ್ತಿಯಾಗಿ ಮಾವನ ಮೇಲೆಯೇ ಮಗುಚಿತು. ಹೂವಣ್ಣ ಗೋಡೆಯ ಮೇಲೆ ಮೊಳೆಗೆ ನೇತುಹಾಕಿದ್ದ ಬೆಳ್ಳಿಬಣ್ಣದ ದೊಡ್ಡ ತಟ್ಟೆಯೊಂದನ್ನು ಕಿತ್ತು ಬಾಣಲೆಯ ಮೇಲೆ ಕವುಚಿದ. ಬೆಂಕಿ ಉಸಿರುಗಟ್ಟಿ ಸತ್ತಿತು. ಅದು ಮೇಷ್ಟ್ರು ಹರೆಯದಲ್ಲಿ ದೂರದ ಓಟ ಗೆದ್ದು ಪಡೆದ ಬಹುಮಾನದ ತಟ್ಟೆ ಎಂಬುದು ಅದು ಕಪ್ಪಾದ ಮೇಲೆ ತಿಳಿಯಿತು. ಮೇಷ್ಟ್ರು ಅದನ್ನು ನೋಡಿ, ಇಷ್ಟು ವರ್ಷದಲ್ಲಿ ಇವತ್ತೇ ಇದು ಕೆಲಸಕ್ಕೆ ಬಂದದ್ದು ಎಂದರು.

ಒದ್ದೆಯಾದ ಮಾವನಿಗೆ ಮೇಷ್ಟ್ರ ಆಟದ ಅಂಗಿಯೇ ಗತಿಯಾಯಿತು. ಬೆನ್ನಿನ ಮೇಲೆ ದೊಡ್ಡ ಅಂಕಿಯಿದ್ದ ಆ ಅಂಗಿ ಹೊಟ್ಟೆಯ ಅರ್ಧಕ್ಕೇ ನಿಂತಿತ್ತು. ಅದರಲ್ಲಿ ನಿಂತು ಗಾಂಭೀರ್ಯದಿಂದ ಮಾತಾಡುವುದು ಕಷ್ಟ. ಆದರೂ ಮಾವ, ಇದೆಲ್ಲ ಸರಿ, ಪಂದ್ಯ ಪಂದ್ಯವೇ, ಹುಡುಗ ಗ್ರಹ ತೋರಿಸಲಿಲ್ಲ ಎಂದರು.

ಕೋರ್ಟು ತಾತ ಕಂದೀಲನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡರು. ಅವರು ಆ ಘಳಿಗೆಗಾಗಿ ಜೀವಮಾನವಿಡೀ ಇನ್ನೊಬ್ಬರ ಹಿಂದೆ ಕೂತು ಕಾದಿದ್ದರು.

‘ಪಂದ್ಯ ಬಾಯಿಮಾತಿನದು. ಆಡಿದವರ ಬಾಯಿ ತುಂಬ ಕಡಲೆಬೀಜ ಇತ್ತು. ಆ ಮಾತಲ್ಲಿ ವಟ್ರಸುಳಿ ಇತ್ತೋ ಇಲ್ವೋ, ಸಾಕ್ಷಿಯಾದ ನಾನು ಖಡಾಖಂಡಿತವಾಗಿ ಹೇಳಲಾರೆ. ಹುಡುಗ ಒಂದು ಗೃಹ ತೋರಿಸಿದಾನೆ, ಎಲ್ಲರೂ ಕಣ್ಣಾರೆ ನೋಡಿದೀವಿ, ಈಗ ಅದರೊಳಗೇ ನಿಂತಿದೀವಿ. ಸಂಶಯದ ಲಾಭ ಆರೋಪಿಗೆ.’

ಅದೇ ಹೊತ್ತಿಗೆ ಹೊರಗಿನಿಂದ ಬಂದ ಮೇಡಂ ತಮ್ಮ ಅಡುಗೆಮನೆಯಲ್ಲಿ ಅರ್ಧ ಬೀದಿಯನ್ನು ಕಂಡು ಬಾಗಿಲಲ್ಲೇ ನಿಂತರು. ಬಾಣಲೆ ನೋಡಿದರು, ಮಸಿ ಹಿಡಿದ ತಟ್ಟೆ ನೋಡಿದರು, ಗಂಡನ ಮುಖ ನೋಡಿದರು. ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಹೂವಣ್ಣನ ಅಪ್ಪ ಮೂಲೆಯಲ್ಲಿ ನಿಂತಿದ್ದರು. ಮೇಡಂ ಅವರ ಕಡೆ ತಿರುಗಿ, ಬರುವ ವಾರ ಮಕ್ಕಳ ಅಂಗಿ ಕತ್ತರಿಸುವ ಪಾಠ ಇದೆ, ಹುಡುಗನನ್ನು ಕಳಿಸುತ್ತೀರಲ್ಲ ಎಂದು ಕೇಳಿದರು.

ಮಗ ಆ ಹೊತ್ತಿನಲ್ಲಿ ಮಾವನ ಒದ್ದೆ ಅಂಗಿಯನ್ನು ಹಿಂಡಿ, ಕೊಡವಿ, ಮಡಿಕೆ ಬೀಳದ ಹಾಗೆ ಕುರ್ಚಿಯ ಬೆನ್ನಿಗೆ ಹರಡುತ್ತಿದ್ದ. ಅಪ್ಪ ಆ ಕೈಗಳನ್ನು, ಹಲ್ಲುಚಕ್ರ ನೋಡುವಾಗ ನೋಡುವ ಹಾಗೆ ನೋಡಿದರು. ‘ಬರ್ತಾನಮ್ಮ’ ಎಂದರು.

ಮಾವ ಮರುದಿನ ಮೊದಲ ಬಸ್ಸಿಗೆ ಒಬ್ಬರೇ ಹೋದರು. ಹೋಗುವಾಗ ಅವರ ಅಂಗಿಗೆ ಎಲ್ಲ ಗುಂಡಿಗಳೂ ಇದ್ದವಂತೆ, ಬರುವಾಗ ಇರಲಿಲ್ಲ.

ಬೆಂಕಿ ಆರಿಸಿದ ಆ ರಾತ್ರಿ ಗುಡ್ಡ ಇಳಿದು ಬರುವಾಗ ಉಳಿದವರೆಲ್ಲ ಮುಂದೆ ಹೋಗಿದ್ದರು. ಅಪ್ಪನೂ ಮಗನೂ ಹಿಂದೆ ಉಳಿದರು. ನಲ್ಲಿಯ ಹತ್ತಿರ ಬಂದಾಗ ಅಪ್ಪ, ‘ಅಲ್ವೋ, ಅಲ್ಲಿ ಏನೇನು ಕಲಿಸ್ತಾರೆ?’ ಎಂದು ಕೇಳಿದರು. ಹೂವಣ್ಣ ಮೊದಲು ಮೆಲ್ಲಗೆ ಶುರುಮಾಡಿದ. ಬಟ್ಟೆಗೆ ಹತ್ತಿದ ಶಾಯಿಯ ಕಲೆ ತೆಗೆಯುವುದು ಹೇಗೆ, ಕೂಸನ್ನು ಎತ್ತಿಕೊಳ್ಳುವಾಗ ಯಾವ ಕೈ ಎಲ್ಲಿರಬೇಕು, ಕಿಟಕಿ ಯಾವ ಕಡೆಗಿದ್ದರೆ ಬೇಸಿಗೆಯಲ್ಲೂ ಕೋಣೆ ತಂಪು. ಅಪ್ಪ ಹಾಗೆಂದರೇನು, ಹೀಗೇಕೆ ಎಂದು ಕೇಳುತ್ತಲೇ ಹೋದರು. ತಮ್ಮ ಅಂಗಡಿಯ ಕೋಣೆಗೆ ಕಿಟಕಿ ಎಲ್ಲಿ ಇಡಬೇಕಿತ್ತು ಎಂದೂ ಕೇಳಿದರು. ಮನೆಯ ಬಾಗಿಲಿಗೆ ಬಂದ ಮೇಲೂ ಒಳಗೆ ಹೋಗದೆ ಬೀದಿಯಲ್ಲೇ ನಿಂತರು. ಹೂವಣ್ಣ ಕೈಯಲ್ಲೇ ಗಾಳಿಯಲ್ಲಿ ಗೋಡೆ ಬರೆದು, ಕಿಟಕಿ ಬರೆದು ತೋರಿಸುತ್ತಿದ್ದ. ಅಮ್ಮ ಊಟಕ್ಕೆ ಕರೆದು ಕರೆದು ಸುಮ್ಮನಾದಳು.

ಆ ದಿನ ಆಕಾಶ ಹಿಂದೆಂದೂ ಇಲ್ಲದಷ್ಟು ಶುಭ್ರವಾಗಿತ್ತು, ಗುರು, ಶುಕ್ರ, ಶನಿ ಎಲ್ಲ ಒಟ್ಟಿಗೇ ಬಂದು ಹೊಳೆಯುತ್ತಿದ್ದವು ಎಂದು ತಿಳಿದವರು ಆಮೇಲೆ ಹೇಳಿದರು. ಇವರಿಬ್ಬರೂ ತಲೆಯೆತ್ತಿ ನೋಡಲಿಲ್ಲ.